ಗಂಡು–ಹೆಣ್ಣು ಸಾಕಿಲಿಗಳನ್ನು ಬೇರೆ ಬೇರೆ ಇಡುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಎರಡು ಪಂಜರ ತಂದು ಗಂಡನ್ನು ಒಂದರಲ್ಲಿ, ಹೆಣ್ಣನ್ನು ಇನ್ನೊಂದರಲ್ಲಿ ಇಟ್ಟ ಮೇಲೂ ಮರಿ ಹುಟ್ಟುವುದು ನಿಂತಿಲ್ಲ ಎಂಬ ಮಾತು ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ವಿಚಾರಿಸಿ ನೋಡಿದರೆ ಪಂಜರದ ತಪ್ಪು ಅದರಲ್ಲಿ ಅರ್ಧ ಮಾತ್ರ. ಪಂಜರ ತೊಳೆಯುವಾಗಿನ ಹತ್ತು ನಿಮಿಷ, ಕರೆಂಟ್ ಹೋದ ಮಧ್ಯಾಹ್ನ, ಮನೆತುಂಬ ನೆಂಟರು ಬಂದ ಜಾತ್ರೆಯ ದಿನ, ಮರಿಗಳು ಇನ್ನೂ ಸಣ್ಣವು ಎಂದು ಬಿಟ್ಟ ಒಂದು ವಾರ. ಗಂಡು–ಹೆಣ್ಣು ಒಂದಾಗುವುದು ಇಂಥ ಹೊತ್ತಿನಲ್ಲಿ. ಕೆಳಗಿನ ಹಂತಗಳಲ್ಲಿ ಪಂಜರಕ್ಕೆ ಎಷ್ಟು ಗಮನ ಕೊಟ್ಟಿದ್ದೇನೋ ಅಷ್ಟೇ ಗಮನ ಈ ಹೊತ್ತುಗಳಿಗೂ ಕೊಟ್ಟಿದ್ದೇನೆ. ಕ್ರಮ ತಪ್ಪಿಸಬೇಡಿ. ಪಂಜರ ಕೊಳ್ಳುವುದು ನಾಲ್ಕನೇ ಹಂತದ ಕೆಲಸ, ಮೊದಲನೆಯದಲ್ಲ.

ಶುರು ಮಾಡುವ ಮೊದಲು ಈ ಲೆಕ್ಕ ತಲೆಯಲ್ಲಿರಲಿ. ಹೆಣ್ಣಿಲಿ 5 ವಾರದ ವಯಸ್ಸಿಗೇ ಗಬ್ಬ ಕಟ್ಟಬಲ್ಲದು. 4–5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅದೂ ಹೆಚ್ಚಾಗಿ ರಾತ್ರಿ ಹೊತ್ತು. ಗಬ್ಬದ ಅವಧಿ 21ರಿಂದ 23 ದಿನ. ಒಂದು ಸೂಲಿಗೆ 8–12 ಮರಿ ಮಾಮೂಲು, ಅದಕ್ಕಿಂತ ಹೆಚ್ಚೂ ಆಗುತ್ತವೆ. ಮರಿ ಹಾಕಿದ 24 ಗಂಟೆಯೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಆಗ ಪಕ್ಕದಲ್ಲಿದ್ದರೆ ಹಾಲೂಡಿಸುತ್ತಲೇ ಎರಡನೇ ಗಬ್ಬ ನಿಲ್ಲುತ್ತದೆ. ಕೂಡುವುದಕ್ಕೆ ಅವಕ್ಕೆ ಬೇಕಾದದ್ದು ಕೆಲವೇ ಕ್ಷಣ. ‘ಕಣ್ಣೆದುರಿಗೇ ಇದ್ದವು, ಏನೂ ಆಗಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಮುಚ್ಚಳವಿರುವ ಎರಡು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಬೇರೆ ಬೇರೆ ಬಣ್ಣದವು. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ಡಿಜಿಟಲ್ ಕಾಟಾ. ಅರ್ಧ ಇಂಚಿನ ಚೌಕದ ವೆಲ್ಡೆಡ್ ಜಾಲರಿ, ತಂತಿ ಕತ್ತರಿಸುವ ಇಕ್ಕಳ, ಸ್ಪ್ರಿಂಗ್ ಕೊಂಡಿಗಳು ಅಥವಾ ಸಣ್ಣ ಬೀಗ. ಪಂಜರಕ್ಕೆ ಎರಡರಂತೆ ನೀರಿನ ಬಾಟಲಿ. ಗೋಡೆಗೆ ತೂಗುಹಾಕುವ ಉಷ್ಣಮಾಪಕ. ಒಂದು ನೋಟ್‌ಬುಕ್. ಈ ನೋಟ್‌ಬುಕ್ಕನ್ನೇ ಬಹಳ ಮಂದಿ ಬಿಡುತ್ತಾರೆ, ಆದರೆ ಎಡವಟ್ಟಾದ ದಿನ ನಿಮ್ಮನ್ನು ಕಾಯುವುದು ಅದರಲ್ಲಿ ಬರೆದ ತಾರೀಖೇ.

ಹಂತ 1: ಯಾವುದು ಗಂಡು, ಯಾವುದು ಹೆಣ್ಣು ಎಂದು ನೀವೇ ನೋಡಿ

‘ಎರಡೂ ಹೆಣ್ಣ ಅದಾವ್ರೀ’ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಮನೆಗೆ ತಂದವರೇ ಮೊದಲು ಸಿಕ್ಕಿಬೀಳುವುದು. ಅವರಲ್ಲಿ ಹಲವರಿಗೆ ಮರಿಯ ಲಿಂಗ ನೋಡಲು ಬರುವುದಿಲ್ಲ. ಗಂಡು–ಹೆಣ್ಣು ಒಂದೇ ಪಂಜರದಲ್ಲಿ ಬೆಳೆದಿರುತ್ತವೆ.

ಬೆಳೆದ ಗಂಡನ್ನು ಗುರುತಿಸುವುದು ಸುಲಭ. ಬಾಲದ ಬುಡದಲ್ಲಿ ವೃಷಣ ಎದ್ದು ಕಾಣುತ್ತದೆ, ಮೈ ದಪ್ಪ, ರೋಮ ಒರಟು. ಒಂದು ಎಚ್ಚರ: ಹೆದರಿದಾಗ, ಚಳಿಯಾದಾಗ ಗಂಡಿಲಿ ವೃಷಣವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳಬಲ್ಲದು. ಅಂಗಡಿಯಲ್ಲಿ ಗಾಬರಿಯಾದ ಎಳೆಯ ಗಂಡು ಹೆಣ್ಣಿನಂತೆ ಕಾಣುವುದು ಇದರಿಂದಲೇ. ಆದ್ದರಿಂದ ಇಲಿಯನ್ನು ಅಂಗೈಯಲ್ಲಿ ಆನಿಸಿ, ಎದೆಗೆ ಆಸರೆ ಕೊಟ್ಟು, ಬಾಲದ ಬುಡವನ್ನು ಮೆಲ್ಲಗೆ ಎತ್ತಿ ಅಂತರ ನೋಡಿ. ಮೂತ್ರದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಅಂತರ ಗಂಡಿನಲ್ಲಿ ಹೆಣ್ಣಿನದಕ್ಕಿಂತ ಸುಮಾರು ಎರಡು ಪಟ್ಟು. ಎರಡು ಮರಿಗಳನ್ನು ಪಕ್ಕಪಕ್ಕ ಹಿಡಿದು ಹೋಲಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಬಾಲದ ತುದಿ ಹಿಡಿದು ಎಂದೂ ಎತ್ತಬೇಡಿ, ಚರ್ಮ ಕಿತ್ತು ಬರುತ್ತದೆ.

ಮನೆಯಲ್ಲೇ ಹುಟ್ಟಿದ ಮರಿಗಳಾದರೆ 8ರಿಂದ 12ನೇ ದಿನದ ನಡುವೆ ನೋಡುವುದು ಎಲ್ಲಕ್ಕಿಂತ ಸಲೀಸು. ಹೊಟ್ಟೆಯ ರೋಮ ಆಗ ಇನ್ನೂ ತೆಳ್ಳಗಿದ್ದು ಹೆಣ್ಣು ಮರಿಗಳ ಮೊಲೆತೊಟ್ಟುಗಳು ಸಾಲಾಗಿ ಕಾಣುತ್ತವೆ, ಒಟ್ಟು 12. ಗಂಡಿಲಿಗೆ ತೊಟ್ಟುಗಳೇ ಇರುವುದಿಲ್ಲ. ಆ ದಿನವೇ ಪ್ರತಿ ಮರಿಯ ಬೆನ್ನು, ತಲೆಯ ಮಚ್ಚೆಯ ಫೋಟೋ ತೆಗೆದು ಪಕ್ಕದಲ್ಲಿ ಗಂಡೋ ಹೆಣ್ಣೋ ಬರೆದಿಡಿ. ಎಲ್ಲವೂ ಅಪ್ಪಟ ಬಿಳಿಯಾಗಿದ್ದರೆ ಬಾಲದ ಮೇಲೆ ತಿನ್ನಲು ಯೋಗ್ಯವಾದ ಬಣ್ಣದ ಒಂದು ಗೆರೆ ಹಾಕಿ, ಎರಡು ದಿನಕ್ಕೊಮ್ಮೆ ಮತ್ತೆ ಹಚ್ಚಿ.

ಹಂತ 2: ಪಂಜರಕ್ಕೆ ಕಾಯದೆ ಇವತ್ತೇ ಬೇರ್ಪಡಿಸಿ

ಗಂಡು–ಹೆಣ್ಣು ಜೊತೆಗಿವೆ ಎಂದು ತಿಳಿದ ಮೇಲೂ ‘ಭಾನುವಾರ ಪೇಟೆಗೆ ಹೋಗಿ ಪಂಜರ ತರೋಣ’ ಎಂದು ಕಾಯುವವರಿದ್ದಾರೆ. ಬೆದೆಯ ಚಕ್ರ 4–5 ದಿನದ್ದಾದ್ದರಿಂದ ಭಾನುವಾರದ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಎರಡು ಡಬ್ಬಿಗಳಲ್ಲಿ ಒಂದನ್ನು ಗಂಡಿಗೆ, ಇನ್ನೊಂದನ್ನು ಹೆಣ್ಣಿಗೆ ಎಂದು ಖಾಯಂ ಮಾಡಿ. ಮುಚ್ಚಳದ ನಡುಭಾಗ ಕತ್ತರಿಸಿ ತೆಗೆದು ಅಲ್ಲಿ ಜಾಲರಿ ಬಿಗಿಯಿರಿ, ಗಾಳಿಯಾಡಲು ಎರಡು ಬದಿಗೂ ಜಾಲರಿಯ ಕಿಟಕಿ ಇರಲಿ. ಬರಿಯ ತೂತು ಕೊರೆದರೆ ಅದರ ಅಂಚನ್ನೇ ಕಡಿಯುತ್ತ ಒಂದು ರಾತ್ರಿಯಲ್ಲಿ ದಾರಿ ಮಾಡಿಕೊಳ್ಳುತ್ತವೆ. ಮೂರು ನಾಲ್ಕು ದಿನಕ್ಕೆ ಈ ಏರ್ಪಾಡು ಸಾಕು. ಆಮೇಲೂ ಈ ಡಬ್ಬಿಗಳನ್ನು ಬಿಸಾಡಬೇಡಿ, ಪಂಜರ ತೊಳೆಯುವಾಗ, ಊರಿಗೆ ಹೋಗುವಾಗ, ದವಾಖಾನೆಗೆ ಒಯ್ಯುವಾಗ ಇವೇ ಬೇಕು.

ಈ ದಿನದ ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಲ್ಲಿಂದ 23 ದಿನ ಪ್ರತಿ ಹೆಣ್ಣನ್ನೂ ಗಬ್ಬ ನಿಂತಿದೆ ಎಂದೇ ಭಾವಿಸಿ ನೋಡಿಕೊಳ್ಳಿ. ಅಂಗಡಿಯಿಂದ ಹೊಸದಾಗಿ ತಂದ ಹೆಣ್ಣಿಗೂ ಇದೇ ನಿಯಮ.

ಹಂತ 3: ಒಂಟಿ ಮಾಡಬೇಡಿ

ಇಲಿ ಗುಂಪಿನ ಜೀವಿ. ಒಂದು ಗಂಡು, ಒಂದು ಹೆಣ್ಣು ಇದ್ದ ಮನೆಯಲ್ಲಿ ಎರಡನ್ನೂ ಬೇರ್ಪಡಿಸಿದರೆ ಎರಡೂ ಒಂಟಿಯಾಗುತ್ತವೆ. ಮೂಲೆ ಹಿಡಿದು ಕೂರುತ್ತವೆ, ತಿನ್ನುವುದು ಕಡಿಮೆ ಮಾಡುತ್ತವೆ, ತಮ್ಮ ರೋಮವನ್ನು ತಾವೇ ಕಿತ್ತುಕೊಳ್ಳುತ್ತವೆ. ಅದನ್ನು ನೋಡಲಾರದೆ ಮನೆಯವರು ‘ಒಂದು ಗಳಿಗೆ ಬಿಡೋಣ’ ಎಂದು ಮತ್ತೆ ಕೂಡಿಸುತ್ತಾರೆ. ಬೇರ್ಪಡಿಸಿದ್ದು ಹಾಳಾಗುವುದು ಆ ಕರುಣೆಯಿಂದಲೇ, ಅದಕ್ಕೆ ಬೈಯುವ ಮನಸ್ಸು ನನಗಿಲ್ಲ. ಆದರೆ ಪರಿಹಾರ ಬೇರೆ ಇದೆ: ಗಂಡಿಗೆ ಇನ್ನೊಂದು ಗಂಡು, ಹೆಣ್ಣಿಗೆ ಇನ್ನೊಂದು ಹೆಣ್ಣು. ಪ್ರತಿ ಪಂಜರದಲ್ಲಿ ಕಡೇ ಪಕ್ಷ ಎರಡು. ಅಷ್ಟು ಸಾಕಲಾಗದಿದ್ದರೆ ಒಂಬತ್ತನೇ ಹಂತದಲ್ಲಿ ಹೇಳಿರುವ ಶಸ್ತ್ರಚಿಕಿತ್ಸೆಯ ದಾರಿ ನೋಡಿ, ಇಲ್ಲವೇ ಒಂದೇ ಲಿಂಗದ ಗುಂಪನ್ನು ಇಟ್ಟುಕೊಂಡು ಉಳಿದದ್ದನ್ನು ನಂಬಿಕೆಯ ಮನೆಗೆ ಕೊಡಿ.

ಹೊಸ ಇಲಿ ತಂದರೆ ಎರಡು ವಾರ ಬೇರೆ ಕೋಣೆಯಲ್ಲಿಡಿ. ಸೀನು, ಮೈಮೇಲೆ ಹುಣ್ಣು, ತುರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ, ಯಾವ ಇಲಿಯೂ ಓಡಾಡಿರದ ಜಾಗದಲ್ಲಿ, ಸ್ನಾನದ ಕೋಣೆಯ ಒಣ ನೆಲದಲ್ಲೋ ಮಂಚದ ಮೇಲೋ, ದಿನಕ್ಕೆ ಸ್ವಲ್ಪ ಹೊತ್ತು ಪರಿಚಯ ಮಾಡಿಸಿ. ಹಳೆಯ ಇಲಿಯ ಪಂಜರಕ್ಕೇ ನೇರವಾಗಿ ಬಿಟ್ಟರೆ ಗಂಡುಗಳ ನಡುವೆ ರಕ್ತ ಬರುವ ಜಗಳ ಆಗಬಹುದು.

ಹಂತ 4: ಪಂಜರ

ಪೇಟೆಯಲ್ಲಿ ಇಲಿಗೆಂದು ಕೊಡುವುದು ಬಹುತೇಕ ಹಕ್ಕಿಯ ಪಂಜರವೇ. ಅದರ ಸರಳುಗಳ ನಡುವೆ ಒಂದು ಇಂಚೋ ಅದಕ್ಕೂ ಹೆಚ್ಚೋ ಅಂತರ. ಎಳೆಯ ಹೆಣ್ಣಿಲಿ ಅದರಲ್ಲಿ ಸಲೀಸಾಗಿ ತೂರುತ್ತದೆ, ತಲೆ ಹಿಡಿದ ಕಡೆ ಅದರ ಮೈಯೂ ಹಿಡಿಯುತ್ತದೆ. ಅಂತರ ಅರ್ಧ ಇಂಚು, ಅಂದರೆ 12–13 ಮಿ.ಮೀ. ಮೀರಬಾರದು. ತಿಂಗಳೊಪ್ಪತ್ತಿನ ಮರಿಗಳಿಗೆ ಕಾಲು ಇಂಚಿನ ಜಾಲರಿಯ ಮುಚ್ಚಳವಿರುವ ಡಬ್ಬಿ ಅಥವಾ ಗಾಜಿನ ತೊಟ್ಟಿಯೇ ಸರಿ.

ನಮ್ಮ ಊರುಗಳಲ್ಲಿ ಒಳ್ಳೆಯ ದಾರಿಯೆಂದರೆ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸುವುದು. ಎರಡು ಮೂರು ಇಲಿಗೆ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ ಎಂದು ಬರೆದುಕೊಡಿ. ಹೆಣ್ಣುಗಳು ಹತ್ತಿ ಇಳಿದು ಆಡುವುದು ಹೆಚ್ಚು, ಅವುಗಳ ಪಂಜರ ಇನ್ನಷ್ಟು ಎತ್ತರವಿದ್ದರೆ ಒಳ್ಳೆಯದು. ಗಂಡುಗಳು ಬೆಳೆದ ಮೇಲೆ ಅರ್ಧ ಕಿಲೋ ಮೀರಿ ತೂಗುತ್ತವೆ, ಅವಕ್ಕೆ ಅಗಲವಾದ ಅಟ್ಟ ಬೇಕು. ಕೋಳಿ ಜಾಲರಿ ಬೇಡ. ಅದರ ತೆಳು ತಂತಿ ಬಾಗುತ್ತದೆ, ಕಣ್ಣೂ ದೊಡ್ಡದು. ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲರಿ ಒಂದು ರಾತ್ರಿಯೂ ನಿಲ್ಲದು. ಜಿಂಕ್ ಲೇಪದ ಹೊಸ ಜಾಲರಿಯನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ ಬಳಸಿ, ಪೌಡರ್ ಕೋಟಿಂಗ್ ಮಾಡಿಸಿದರೆ ಉಚ್ಚೆಗೆ ತುಕ್ಕು ಹಿಡಿಯುವುದೂ ತಪ್ಪುತ್ತದೆ.

ಎರಡು ಪಂಜರ ಮಾಡಿಸುವ ಬದಲು ಒಂದೇ ದೊಡ್ಡ ಪಂಜರಕ್ಕೆ ನಡುವೆ ಜಾಲರಿಯ ಗೋಡೆ ಹಾಕಿಸುವವರಿದ್ದಾರೆ. ಇದನ್ನು ಖಡಾಖಂಡಿತ ಬೇಡ ಎನ್ನುತ್ತೇನೆ. ಜಾಲರಿಗೆ ಒತ್ತಿಕೊಂಡೇ ಕೂಡುವುದು ಸಾಧ್ಯ. ಅದು ಆಗದಿದ್ದರೂ ಬೆರಳು, ಬಾಲ, ಮೂಗಿನ ತುದಿ ಕಚ್ಚಿಸಿಕೊಳ್ಳುವುದು ನಿಶ್ಚಿತ. ಮೇಲೆ ಗಂಡು, ಕೆಳಗೆ ಹೆಣ್ಣು, ನಡುವೆ ಒಂದೇ ಜಾಲರಿಯ ತಳ ಎಂಬ ಎರಡಂತಸ್ತಿನ ಏರ್ಪಾಡೂ ಅಷ್ಟೇ ಕೆಟ್ಟದ್ದು.

ಇನ್ನು ಬಾಗಿಲು. ಹಕ್ಕಿ ಪಂಜರದ ಮೇಲೆಳೆಯುವ ಬಾಗಿಲನ್ನು ಇಲಿ ಮೂಗಿನಿಂದಲೇ ಎತ್ತುತ್ತದೆ. ಹೊರಗೆ ತೆರೆಯುವ ಬಾಗಿಲು, ಅದಕ್ಕೊಂದು ಚಿಲಕ, ಚಿಲಕಕ್ಕೆ ಸ್ಪ್ರಿಂಗ್ ಕೊಂಡಿ ಇರಲಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೀಗವೇ ಸರಿ, ಎರಡು ಪಂಜರಕ್ಕೆ ಎರಡು ಬೇರೆ ಬೀಗ, ಬೇರೆ ಕೀಲಿ. ಒಂದೇ ಹೊತ್ತಿಗೆ ಎರಡೂ ಬಾಗಿಲು ತೆರೆಯದಂತೆ ಇದು ನಿಮ್ಮ ಕೈಯನ್ನೂ ತಡೆಯುತ್ತದೆ.

ತಳ ಬರಿಯ ಜಾಲರಿಯಾಗಿದ್ದರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ, ಮೇಲೆ ಪ್ಲಾಸ್ಟಿಕ್ ತಟ್ಟೆಯೋ ದಪ್ಪ ಬಟ್ಟೆಯೋ ಹಾಸಿ. ಹಾಸಿಗೆಗೆ ಚೂರು ಮಾಡಿದ ಕಾಗದ, ಮೊಟ್ಟೆಯ ಟ್ರೇಯ ರಟ್ಟು ಸಾಕು. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆಂದು ಅದನ್ನು ತುಂಬುವುದುಂಟು. ಅದರ ಅಂಚು ಚೂಪು, ಧೂಳು ವಿಪರೀತ. ಇಲಿಯ ಶ್ವಾಸಕೋಶ ಮೊದಲೇ ಸೂಕ್ಷ್ಮ. ಬಿಡಿ ಹತ್ತಿಯೂ ಬೇಡ, ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ಸಂಚಾರ ನಿಲ್ಲುತ್ತದೆ. ಬಳ್ಳಾರಿಯವರಿಗೆ ಜೀನ್ಸ್ ಹೊಲಿಯುವ ಘಟಕಗಳಿಂದ ತುಂಡು ಬಟ್ಟೆ ಸುಲಭಕ್ಕೆ ಸಿಗುತ್ತದೆ, ಜೋಲಿ ಕಟ್ಟಲು ಅದು ಗಟ್ಟಿಮುಟ್ಟಾದ ಬಟ್ಟೆ. ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ, ಲೋಹದ ಗುಂಡಿ ಕಿತ್ತುಹಾಕಿ, ಅಂಚು ಮಡಚಿ ಹೊಲಿಯಿರಿ. ಜೋಲಾಡುವ ದಾರಕ್ಕೆ ಉಗುರು ಸಿಕ್ಕಿಕೊಂಡರೆ ಬೆರಳೇ ಹೋಗಬಹುದು.

ಹಂತ 5: ಎಲ್ಲಿಡಬೇಕು, ಬೇಸಿಗೆಯಲ್ಲಿ ಏನು ಮಾಡಬೇಕು

ಸಾಧ್ಯವಿದ್ದರೆ ಎರಡು ಪಂಜರಗಳಿಗೆ ಎರಡು ಕೋಣೆ. ಹತ್ತಿರದಲ್ಲಿ ಬೆದೆಗೆ ಬಂದ ಹೆಣ್ಣಿನ ವಾಸನೆ ಇದ್ದರೆ ಗಂಡುಗಳು ಅದುವರೆಗೆ ಹೊಂದಿಕೊಂಡಿದ್ದರೂ ಜಗಳಕ್ಕೆ ಬೀಳಬಹುದು, ರಾತ್ರಿಯೆಲ್ಲ ಸರಳು ಕಡಿಯಬಹುದು. ಒಂದೇ ಕೋಣೆಯಾದರೆ ಎದುರುಬದುರು ಗೋಡೆಗೆ ಇಡಿ. ಪಂಜರಗಳ ನಡುವೆ ಎರಡು ಅಡಿಗಿಂತ ಕಡಿಮೆ ಅಂತರ ಬೇಡ. ಒಂದರ ಮೇಲಿಂದ ಜೋತುಬಿದ್ದ ಬಟ್ಟೆ, ಹಗ್ಗ, ಪರದೆ ಇನ್ನೊಂದಕ್ಕೆ ಸೇತುವೆಯಾಗದಂತೆ ನೋಡಿ.

ನಮ್ಮ ಕಡೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ಇಲಿಗೆ ಹಿತವಾದದ್ದು 18ರಿಂದ 26 ಡಿಗ್ರಿ. ಅದಕ್ಕೆ ನಮ್ಮಂತೆ ಮೈತುಂಬ ಬೆವರಲು ಬರುವುದಿಲ್ಲ, ಬಾಲದ ರಕ್ತನಾಳಗಳ ಮೂಲಕ ಶಾಖ ಹೊರಹಾಕುತ್ತದೆ, ಜೊಲ್ಲನ್ನು ರೋಮಕ್ಕೆ ಸವರಿಕೊಂಡು ತಣ್ಣಗಾಗಲು ನೋಡುತ್ತದೆ. ಕೋಣೆ 30 ಡಿಗ್ರಿ ದಾಟಿದ ಮೇಲೆ ಬಳಲುವುದು ಶುರು, 35ರ ಮೇಲೆ ಪ್ರಾಣಕ್ಕೇ ಅಪಾಯ. ತಗಡಿನ ಶೆಡ್ಡು, ಮೇಲ್ಮಹಡಿಯ ಕೋಣೆ, ಪಶ್ಚಿಮದ ಗೋಡೆ ಈ ಮೂರನ್ನೂ ಬಿಟ್ಟುಬಿಡಿ. ಹಳೆಯ ಮಣ್ಣಿನ ಮಾಳಿಗೆಯ ಮನೆಯಿದ್ದವರಿಗೆ ಅದರ ಒಳಕೋಣೆಗಿಂತ ಒಳ್ಳೆಯ ಜಾಗವಿಲ್ಲ.

ಬೇಸಿಗೆಯಲ್ಲಿ ಮನೆಯಲ್ಲಿ ತಂಪಾದ ಕೋಣೆ ಒಂದೇ ಇರುತ್ತದೆ, ಕೂಲರ್ ಒಂದೇ ಇರುತ್ತದೆ. ಎರಡೂ ಗುಂಪನ್ನು ಅಲ್ಲಿಗೇ ತರಬೇಕಾಗುತ್ತದೆ, ಬೇರ್ಪಡಿಕೆ ಮುರಿಯುವುದೂ ಅಲ್ಲೇ. ಆದ್ದರಿಂದ ಮಾರ್ಚ್‌ನಲ್ಲೇ ಆ ಕೋಣೆಯಲ್ಲಿ ಎರಡು ಜಾಗ ಗೊತ್ತುಮಾಡಿ, ನಡುವೆ ಪ್ಲೈವುಡ್ ಹಲಗೆಯೊಂದನ್ನು ಅಡ್ಡ ನಿಲ್ಲಿಸಿ. ನಮ್ಮ ಒಣ ಬಿಸಿಲಿಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಳಿ ನೇರ ಪಂಜರಕ್ಕೆ ಹೊಡೆಯಬಾರದು, ಕಿಟಕಿ ಸ್ವಲ್ಪ ತೆರೆದಿರಬೇಕು.

ಕರೆಂಟ್ ಹೋದಾಗಿನ ಏರ್ಪಾಡು ಬೇರೆಯೇ ಇರಲಿ. ಫ್ರಿಜ್ಜಿನಲ್ಲಿ ಯಾವಾಗಲೂ ನೀರು ಹೆಪ್ಪುಗಟ್ಟಿಸಿದ ನಾಲ್ಕು ಬಾಟಲಿ ಇಟ್ಟಿರಿ. ಬಟ್ಟೆ ಸುತ್ತಿ ಪಂಜರಕ್ಕೊಂದರಂತೆ ಒಳಗಿಡಿ, ಕರಗಿದಾಗ ಬದಲಿಸಿ. ಶಹಾಬಾದಿ ಪರಸಿಯ ಒಂದು ತುಂಡು ಅಥವಾ ಬಾಯಿ ಅಗಲದ ಮಡಿಕೆಯನ್ನು ಒದ್ದೆ ಮಾಡಿ ಅಡ್ಡ ಮಲಗಿಸಿಟ್ಟರೆ ಅದರಲ್ಲಿ ಹೋಗಿ ಮಲಗುತ್ತವೆ. ಪಂಜರದ ಅರ್ಧಕ್ಕೆ ಒದ್ದೆ ಬಟ್ಟೆ ಹೊದಿಸಿ, ಇನ್ನರ್ಧ ಗಾಳಿಗೆ ಬಿಡಿ. ಏನೇ ಆದರೂ ‘ತಂಪಿದೆ’ ಎಂದು ಎರಡೂ ಗುಂಪನ್ನು ಒಂದೇ ಪಂಜರಕ್ಕೆ ಹಾಕಬೇಡಿ. ಬಿಸಿಲಿಗೆ ಗುಂಪು ಹೆಚ್ಚಿದಷ್ಟೂ ಸೆಖೆಯೂ ಹೆಚ್ಚು.

ಬೋರ್ ನೀರಿನ ಗಡಸಿಗೆ ಬಾಟಲಿಯ ಮೂತಿಯ ಗುಂಡು ಅಂಟಿಕೊಂಡು ನೀರೇ ಬರದಂತಾಗುತ್ತದೆ. ಬೇಸಿಗೆಯಲ್ಲಿ ಇದು ಅರ್ಧ ದಿನದಲ್ಲಿ ಜೀವ ತೆಗೆಯಬಲ್ಲದು. ಬೆಳಗ್ಗೆ ಸಂಜೆ ಬೆರಳಿಂದ ಗುಂಡು ಒತ್ತಿ ನೋಡಿ.

ಧೂಳಿನ ಬಗ್ಗೆ ಒಂದು ಮಾತು. ಅದಿರು ಲಾರಿ ಓಡಾಡುವ ರಸ್ತೆ, ಕಾರ್ಖಾನೆಯ ಹೊಗೆ, ಹಾರುಬೂದಿ ಇರುವ ಕಡೆಯವರು ಬೀದಿಯ ಕಿಟಕಿಯಿಂದ ದೂರವಿಡಿ. ಅಡುಗೆಮನೆಯ ಮೆಣಸಿನಕಾಯಿ ಒಗ್ಗರಣೆಯ ಘಾಟು, ಊದುಬತ್ತಿ, ಲೋಬಾನ, ಸೊಳ್ಳೆ ಬತ್ತಿ ಇವೆಲ್ಲವೂ ಇಲಿಗೆ ಉಸಿರು ಕಟ್ಟಿಸುತ್ತವೆ.

ಊರ ಇಲಿಗಳಿಂದಲೂ ಕಾಯಬೇಕು. ಅಕ್ಕಿ ಗಿರಣಿ, ಗೋದಾಮಿನ ಆಸುಪಾಸಿನ ಮನೆಗಳಿಗೆ ರಾತ್ರಿ ಕಪ್ಪಿಲಿ, ಹೆಗ್ಗಣ ಬಂದೇ ಬರುತ್ತವೆ. ಅವು ಬೇರೆ ಜಾತಿಯವು, ಸಾಕಿಲಿಯೊಂದಿಗೆ ಅವುಗಳ ಸಂತಾನ ಆಗದು. ಆದರೆ ಇಲಿಜ್ವರದ ಸೋಂಕು, ಹೇನು, ಉಣ್ಣೆ ತರುತ್ತವೆ. ಉಳಿದ ಕಾಳನ್ನು ರಾತ್ರಿ ಪಂಜರದ ಸುತ್ತ ಬಿಡಬೇಡಿ. ಅವುಗಳಿಗೆಂದು ಇಟ್ಟ ಇಲಿಪಾಷಾಣ ಮನೆಯೊಳಗೆ ಎಲ್ಲಿಯೂ ಇರಬಾರದು.

ಹಂತ 6: ಹೊರಗೆ ಬಿಡುವ ಹೊತ್ತು

ದಿನಕ್ಕೆ ಒಂದು ಗಂಟೆಯಾದರೂ ಇಲಿಗಳನ್ನು ಹೊರಗೆ ಓಡಾಡಲು ಬಿಡಬೇಕು. ಇಲ್ಲಿ ನಿಯಮ ಒಂದೇ: ಒಂದು ಗುಂಪು ಒಳಗೆ ಹೋಗಿ, ಎಣಿಸಿ, ಚಿಲಕಕ್ಕೆ ಕೊಂಡಿ ಬಿದ್ದ ಮೇಲೆಯೇ ಇನ್ನೊಂದರ ಬಾಗಿಲು ತೆರೆಯುವುದು. ಎಣಿಕೆ ಬಾಯಿಬಿಟ್ಟು ಆಗಲಿ. ಹಾಸಿಗೆಯ ಕೆಳಗೆ ನಿದ್ದೆ ಹೋದ ಒಂದು ಹೆಣ್ಣನ್ನು ಮರೆತು ಗಂಡುಗಳನ್ನು ಬಿಟ್ಟ ಉದಾಹರಣೆಗಳು ಬಹಳ.

ಹೊರಗೆ ಬಿಟ್ಟ ಗುಂಪು ಇನ್ನೊಂದು ಪಂಜರದ ಮೇಲೆ ಹತ್ತದಂತೆ ನೋಡಿ. ಸಾಧ್ಯವಾದರೆ ಓಡಾಟದ ಕೋಣೆ ಬೇರೆ ಇರಲಿ, ಪಂಜರವೇ ಇಲ್ಲದ ಕೋಣೆ. ಗುಂಪು ಬದಲಿಸುವ ಮೊದಲು ಉಚ್ಚೆಯ ಗುರುತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಫಿನಾಯಿಲ್ ಬೇಡ, ಬಿಸಿನೀರಿಗೆ ಸ್ವಲ್ಪ ವಿನಿಗರ್ ಸಾಕು.

ಪಂಜರ ತೊಳೆಯುವ ದಿನವೂ ಹೀಗೇ: ಗಂಡುಗಳು ಗಂಡಿನ ಬಣ್ಣದ ಡಬ್ಬಿಗೆ, ಹೆಣ್ಣುಗಳು ಹೆಣ್ಣಿನ ಬಣ್ಣದ ಡಬ್ಬಿಗೆ. ಒಂದು ದಿನ ಒಂದೇ ಪಂಜರ ತೊಳೆಯಿರಿ. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ದಿನ ಪಂಜರಕ್ಕೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಇಲಿಯನ್ನು ಮುದ್ದಿಸಬೇಕೆಂದು ಬಂದ ಮಕ್ಕಳಿಗೆ ನೀವೇ ಒಂದೊಂದಾಗಿ ತೆಗೆದು ತೋರಿಸಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಒಪ್ಪಿಸುವುದಿದ್ದರೆ ‘ಬಾಗಿಲು ತೆರೆಯಬೇಡಿ, ಜಾಲರಿಯಿಂದಲೇ ಕಾಳು ಹಾಕಿ, ಹೊರಗಿನಿಂದಲೇ ಬಾಟಲಿ ತುಂಬಿಸಿ’ ಎಂದು ಬರೆದು ಪಂಜರಕ್ಕೆ ಅಂಟಿಸಿ.

ಊಟದಲ್ಲಿ ಒಂದೇ ವ್ಯತ್ಯಾಸ: ಕಿತ್ತಳೆ, ಮೋಸಂಬಿಯ ಸಿಪ್ಪೆ ಗಂಡುಗಳ ಪಂಜರಕ್ಕೆ ಹೋಗಬಾರದು. ಅದರ ಎಣ್ಣೆಯಲ್ಲಿರುವ ಲಿಮೊನೀನ್ ಗಂಡಿಲಿಯ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಹಂತ 7: ಮರಿಗಳಿದ್ದರೆ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ

ಹುಟ್ಟಿದ ದಿನವನ್ನು 0 ಎಂದು ಬರೆಯಿರಿ. ಅದಕ್ಕೂ ಮೊದಲೇ ಗಂಡು ಆ ಪಂಜರದಿಂದ ಹೊರಗಿರಬೇಕು. 8–12ನೇ ದಿನ ಲಿಂಗ ನೋಡಿ ಬರೆಯುವುದು. ಸುಮಾರು 14ನೇ ದಿನ ಕಣ್ಣು ತೆರೆಯುತ್ತವೆ. 4ನೇ ವಾರ ಮತ್ತೊಮ್ಮೆ ಲಿಂಗ ನೋಡಿ, ಮೊದಲ ಬಾರಿ ಬರೆದದ್ದಕ್ಕೆ ತಾಳೆ ಹಾಕಿ. 32ರಿಂದ 35ನೇ ದಿನದ ನಡುವೆ ಎಲ್ಲ ಗಂಡು ಮರಿಗಳನ್ನೂ ತಾಯಿಯಿಂದ, ಅಕ್ಕತಂಗಿಯರಿಂದ ಬೇರೆ ಮಾಡಿ, ಒಟ್ಟಿಗೆ ಒಂದು ಡಬ್ಬಿಗೆ. ಗಂಡು ಮರಿ ತಾಯಿಗೂ ಗಬ್ಬ ಕಟ್ಟಿಸಬಲ್ಲದು. 35ರ ಮೇಲೆ ಒಂದು ದಿನವೂ ಬೇಡ.

ಹೆಣ್ಣು ಮರಿಗಳು ತಾಯಿಯೊಂದಿಗೇ ಉಳಿಯಬಹುದು. ಗಂಡು ಮರಿಗಳನ್ನು ದೊಡ್ಡ ಗಂಡುಗಳ ಪಂಜರಕ್ಕೆ ಅದೇ ದಿನ ಸುರಿಯಬೇಡಿ, ಮೂರನೇ ಹಂತದ ಪರಿಚಯದ ಕ್ರಮ ಇವಕ್ಕೂ ಬೇಕು.

ಹಂತ 8: ಒಂದು ವೇಳೆ ಕೂಡಿಬಿಟ್ಟರೆ

ಬಯ್ದಾಡುವುದಕ್ಕೆ ಮೊದಲು ಬೇರ್ಪಡಿಸಿ, ತಾರೀಖು ಬರೆಯಿರಿ. ಯಾವ ಹೆಣ್ಣು ಬೆದೆಯಲ್ಲಿತ್ತು ಎಂದು ನೋಡಿ: ಬೆನ್ನು ಮುಟ್ಟಿದರೆ ಬೆನ್ನು ಬಗ್ಗಿಸಿ ಹಿಂಭಾಗ ಎತ್ತುವುದು, ಕಿವಿ ನಡುಗಿಸುವುದು, ಚಿಮ್ಮಿ ಚಿಮ್ಮಿ ಓಡುವುದು ಅದರ ಲಕ್ಷಣ. ಲಕ್ಷಣ ಕಾಣದಿದ್ದರೂ ಗಬ್ಬವಿಲ್ಲ ಎಂದುಕೊಳ್ಳಬೇಡಿ.

ಎರಡು ದಿನಕ್ಕೊಮ್ಮೆ ಒಂದೇ ಹೊತ್ತಿಗೆ ತೂಗಿ. ಎರಡನೇ ವಾರ ಕಳೆದ ಮೇಲೆ ತೂಕ ಸರಸರನೆ ಏರುತ್ತದೆ, ಹೊಟ್ಟೆ ಎರಡೂ ಬದಿಗೆ ಉಬ್ಬುತ್ತದೆ, ಕಾಗದ ಎಳೆದು ಗೂಡು ಕಟ್ಟುತ್ತದೆ. ಗಬ್ಬ ತೆಗೆಸುವ ವಿಚಾರವಿದ್ದರೆ ಮೊದಲ ವಾರದಲ್ಲೇ ಪಶುವೈದ್ಯರನ್ನು ಕೇಳಿ, ತಡವಾದಷ್ಟೂ ತಾಯಿಗೆ ಅಪಾಯ. ಇಟ್ಟುಕೊಳ್ಳುವುದಾದರೆ 18ನೇ ದಿನದಿಂದ ಒಂದಂತಸ್ತಿನ ಶಾಂತ ಡಬ್ಬಿಗೆ ಬದಲಿಸಿ, ಬೇಯಿಸಿದ ಮೊಟ್ಟೆ, ಮೊಳಕೆ ಹೆಸರು, ಸಜ್ಜೆ ಕೊಡಿ. ಹೆರಿಗೆ ಶುರುವಾಗಿ ಎರಡು ಮೂರು ಗಂಟೆ ಕಳೆದರೂ ಮರಿ ಬರದಿದ್ದರೆ, ರಕ್ತ ಸುರಿಯುತ್ತಿದ್ದರೆ ದವಾಖಾನೆಗೆ ಓಡಬೇಕು.

ಮರಿಗಳು ಹೆಚ್ಚಾದವೆಂದು ಹೊಲದಲ್ಲೋ ಕಾಲುವೆಯ ದಂಡೆಯಲ್ಲೋ ಬಿಟ್ಟುಬರಬೇಡಿ. ಪಂಜರದಲ್ಲಿ ಹುಟ್ಟಿದ ಇಲಿಗೆ ಕಾಳು ಹುಡುಕಲು, ಹಾವಿನಿಂದ ಅಡಗಲು ತಿಳಿಯದು. ಸಾಕುಪ್ರಾಣಿಯನ್ನು ಹಸಿವಿಗೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಕೊಡುವಾಗ ಗಂಡುಗಳನ್ನು ಗಂಡುಗಳ ಜೋಡಿಯಾಗಿ, ಹೆಣ್ಣುಗಳನ್ನು ಹೆಣ್ಣುಗಳ ಜೋಡಿಯಾಗಿ ಕೊಡಿ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಬಾಯಿ ತೆರೆದು ಏದುಸಿರು, ಜೊಲ್ಲು, ಬಾಲ ಕೆಂಪಗೆ ಕಾದಿರುವುದು, ಮೈ ಚಾಚಿ ಅಲುಗಾಡದೆ ಬಿದ್ದಿರುವುದು: ಇದು ಬಿಸಿಲಿನ ಹೊಡೆತ. ತಕ್ಷಣ ನೆರಳಿಗೆ ತಂದು, ಸಾದಾ ತಣ್ಣೀರಿನಿಂದ ಬಾಲ, ಪಾದ, ಕಿವಿ ಒದ್ದೆ ಮಾಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ. ಎಚ್ಚರವಿದ್ದರೆ ನೀರು ನೆಕ್ಕಲು ಬಿಡಿ, ಬಾಯಿಗೆ ಸುರಿಯಬೇಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಿ.

ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡು ರಕ್ತವೆಂದು ಹೆದರುತ್ತಾರೆ. ಅದು ಕಣ್ಣಿನ ಹಿಂದಿನ ಗ್ರಂಥಿಯ ಕೆಂಪು ಸ್ರಾವ, ಪಾರ್ಫಿರಿನ್. ಒಂದಿಷ್ಟು ಕಂಡರೆ ಒತ್ತಡದ ಗುರುತು, ದಿನವೂ ಕಂಡರೆ ಕಾಯಿಲೆಯದು. ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ ಕಾಯಬೇಡಿ.

ಗಂಡುಗಳ ಪಂಜರದಲ್ಲಿ 5ರಿಂದ 10 ತಿಂಗಳ ವಯಸ್ಸಿನ ನಡುವೆ ರೋಮ ನಿಗುರಿಸಿ ಅಡ್ಡಡ್ಡ ಬಂದು ತಳ್ಳುವುದು, ಹಲ್ಲು ಕಟಕಟಿಸುವುದು ಕಾಣಬಹುದು. ಕೂಗಾಟ, ನೆಲಕ್ಕೆ ಒತ್ತಿ ಹಿಡಿಯುವುದು ಮಾಮೂಲು, ಬಿಡಿಸಲು ಹೋಗಬೇಡಿ. ಗಾಯವಾದರೆ ಬೇರೆ ಮಾಡಿ. ಆಗಲೂ ಬರಿಗೈ ಹಾಕಬೇಡಿ, ದಪ್ಪ ಟವೆಲ್ ಬಳಸಿ.

ಹಂತ 9: ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ

ಹೋರಿಗೆ ಬೀಜ ಒಡೆಸಿದಂತೆ ಇದು ಅಂಗಳದಲ್ಲಿ ಮುಗಿಯುವ ಕೆಲಸವಲ್ಲ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನ, ಕುರಿ, ನಾಯಿಯ ಅನುಭವ ಹೆಚ್ಚು. ಇಲಿಗೆ ಅನಿಲದ ಅರಿವಳಿಕೆ ಕೊಡುವ, ಸಣ್ಣ ಪ್ರಾಣಿಗಳಲ್ಲಿ ಪಳಗಿದ ವೈದ್ಯರೇ ಬೇಕು. ರಾಯಚೂರಿನವರಿಗೆ ಹೈದರಾಬಾದ್, ಬಳ್ಳಾರಿ–ಕೊಪ್ಪಳದವರಿಗೆ ಬೆಂಗಳೂರು ಎಂದು ಪ್ರಯಾಣ ಮಾಡಬೇಕಾಗಬಹುದು, ಬೇಸಿಗೆಯಲ್ಲಿ ರಾತ್ರಿಯ ಪ್ರಯಾಣವೇ ಲೇಸು. ಫೋನಿನಲ್ಲೇ ಕೇಳಿಕೊಳ್ಳಿ: ಇಲಿಗೆ ಮಾಡಿದ್ದೀರಾ, ಯಾವ ಅರಿವಳಿಕೆ, ನೋವಿನ ಔಷಧಿ ಕೊಡುತ್ತೀರಾ. ‘ಹಿಂದಿನ ರಾತ್ರಿ ಉಪವಾಸ ಇಡಿ’ ಎಂದು ಹೇಳಿದರೆ ಆ ವೈದ್ಯರಿಗೆ ಇಲಿಯ ಅಭ್ಯಾಸ ಕಡಿಮೆ ಎಂದು ತಿಳಿಯಿರಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಅದಕ್ಕೆ ನಾಯಿಯಂತೆ ದೀರ್ಘ ಉಪವಾಸ ಬೇಕಿಲ್ಲ.

ಗಂಡಿಗೆ ಮಾಡಿಸುವುದು ಸರಳ, ಗಾಯ ಬೇಗ ಮಾಯುತ್ತದೆ. ಹೆಣ್ಣಿಗೆ ಹೊಟ್ಟೆ ತೆರೆಯಬೇಕು, ಆದರೆ ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಮುಂದೆ ಸ್ತನದ ಗಡ್ಡೆಯ ಸಂಭವ ತಗ್ಗುತ್ತದೆ. ಹೆಣ್ಣಿಲಿಗಳಲ್ಲಿ ಅದು ಬಹಳ ಸಾಮಾನ್ಯ ಕಾಯಿಲೆ.

ಗಂಡಿಗೆ ಮಾಡಿಸಿ ಮನೆಗೆ ಬಂದ ಸಂಜೆಯೇ ಹೆಣ್ಣಿನ ಜೊತೆ ಬಿಡುವವರು ಮೇಲಿನ ಎಲ್ಲ ಶ್ರಮವನ್ನೂ ಕಳೆದುಕೊಳ್ಳುತ್ತಾರೆ. ನಾಳಗಳಲ್ಲಿ ಉಳಿದ ವೀರ್ಯದಿಂದ ಕೆಲ ವಾರ ಗಬ್ಬ ನಿಲ್ಲುವುದು ಸಾಧ್ಯ. ಕಡೇ ಪಕ್ಷ 4 ವಾರ, ನನ್ನ ಸಲಹೆ 6 ವಾರ, ಅದು ತನ್ನ ಗಂಡು ಗುಂಪಿನಲ್ಲೇ ಇರಲಿ. ಶಸ್ತ್ರಚಿಕಿತ್ಸೆಯ ತಾರೀಖಿನಿಂದ 42ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಂದಿನಿಂದ ಹೊಸ ಜಾಗದಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು, ಹೆಣ್ಣುಗಳಿಗೆ ಪರಿಚಯ ಮಾಡಿಸಲು ಶುರು ಮಾಡಿ.